ಗಾಳಿ ಬದಿಯ ಬಾಗಿಲು

ಮಂಗಳವಾರ ಬೆಳಗ್ಗೆ ಠಾಣೆಯ ಮೆಟ್ಟಿಲು ಹತ್ತಿ ಬಂದ ಹೆಂಗಸು ಅಳುತ್ತಿರಲಿಲ್ಲ. ಅಳುವವರನ್ನು ಸಮಾಧಾನ ಮಾಡಿ ಕೂರಿಸುವುದು ಠಾಣೆಯವರಿಗೆ ಅಭ್ಯಾಸ. ಅಳದವರನ್ನು ಕಂಡರೆ ಅವರಿಗೆ ಕೈಕಾಲೇ ಆಡುವುದಿಲ್ಲ. ದೂರು ಬರೆದುಕೊಳ್ಳುವ ಮಹಿಳಾ ಕಾನ್‌ಸ್ಟೆಬಲ್ ಕುರ್ಚಿ ಎಳೆದು ಕೊಟ್ಟಳು. ಹೆಂಗಸು ಕೂರಲಿಲ್ಲ.

ಆಕೆ ಗುಡ್ಡದ ಮೇಲಿನ ಆಶ್ರಯ ಭವನದ ವಾಚ್‌ಮನ್‌ನ ಹೆಂಡತಿ. ಸೋಮವಾರ ಸಂಜೆ ಎದ್ದ ಬಿರುಗಾಳಿಗೆ ಆ ಭವನದ ಛಾವಣಿ ಹಾರಿಹೋಗಿ, ಬಾಗಿಲ ಮೇಲಿನ ಕಬ್ಬಿಣದ ತೊಲೆ ಬಿದ್ದು ವಾಚ್‌ಮನ್ ಸತ್ತಿದ್ದ. ಅಸಹಜ ಸಾವು ಎಂದು ಆಗಲೇ ದಾಖಲಾಗಿತ್ತು. ಗಾಳಿ ಬಂತು, ಛಾವಣಿ ಹೋಯಿತು, ಪಾಪದ ಮನುಷ್ಯ ಅಡಿಗೆ ಸಿಕ್ಕಿಬಿಟ್ಟ. ಇದರಲ್ಲಿ ತನಿಖೆ ಮಾಡುವುದೇನಿದೆ ಎಂದು ಎಲ್ಲರೂ ಕೈ ತೊಳೆದುಕೊಂಡಿದ್ದರು.

"ಬಾಗಿಲು ಹಾಕದೆ ಹೋಗಿದ್ದು ನಮ್ಮ ಯಜಮಾನರೇ ಅಂತ ಕಾಮಗಾರಿ ಇಲಾಖೆಯವರು ಹೇಳ್ತಿದಾರೆ. ಸತ್ತವರ ಮೇಲೆ ಹೊರಿಸಿದ್ರೆ ಅವರೇನು ಎದ್ದು ಬಂದು ಜವಾಬು ಕೊಡ್ತಾರಾ? ಮಧ್ಯಾಹ್ನ ಬೀಗ ಹಾಕಿ, ಜಗ್ಗಿ ನೋಡಿ ಹೊರಟಿದ್ದನ್ನ ನಾನೇ ಕಣ್ಣಾರೆ ಕಂಡಿದೀನಿ. ಆ ಬಾಗಿಲು ತೆಗೆದವರು ಯಾರು ಅಂತ ನನಗೆ ಗೊತ್ತಾಗಬೇಕು," ಎಂದಳು.

ಇನ್‌ಸ್ಪೆಕ್ಟರ್ ಒಳಗಿನ ಕೋಣೆಯಲ್ಲಿ ಕೂತು ಇದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದರು. ಐವತ್ತರ ಹತ್ತಿರದ ಮನುಷ್ಯ, ಸಿಡುಕಿನ ಸ್ವಭಾವ, ಆದರೆ ಕೆಲಸದಲ್ಲಿ ತಿಪ್ಪೆ ಸಾರಿಸುವವರಲ್ಲ. ಬೆಳಗ್ಗೆಯಿಂದ ಅವರ ತಲೆ ಮೇಲೆ ಬೇರೊಂದು ಭಾರ ಕೂತಿತ್ತು. ಗುಡ್ಡದ ಭವನದ ಜೋಡಿ ಬಂದರಿನಲ್ಲಿತ್ತು. ಅದೇ ನಕ್ಷೆ, ಅದೇ ಕಬ್ಬಿಣ, ಅದೇ ಬೋಲ್ಟು. ಗುರುವಾರ ಸಂಜೆ ಸಮುದ್ರದಿಂದ ದೊಡ್ಡ ಚಂಡಮಾರುತ ಬರುತ್ತದೆಂದು ಹವಾಮಾನ ಕಚೇರಿ ಸಾರಿತ್ತು. ಬಂದರಿನ ಸುತ್ತ ತಗಡಿನ ಮನೆಗಳಲ್ಲಿರುವ ಎಂಟು ನೂರು ಜನರನ್ನು ಅಷ್ಟರೊಳಗೆ ಎಲ್ಲಾದರೂ ಸೇರಿಸಬೇಕಿತ್ತು.

ಜಿಲ್ಲಾಧಿಕಾರಿ ಫೋನಿನಲ್ಲಿ ಹೇಳಿದ್ದು ಇಷ್ಟು. ಗುಡ್ಡದ ಛಾವಣಿ ಬರೀ ಗಾಳಿಗೆ ಹೋಗಿದ್ದರೆ ಬಂದರಿನ ಭವನದೊಳಗೆ ಒಂದು ನರಪಿಳ್ಳೆಯನ್ನೂ ಬಿಡುವುದಿಲ್ಲ. ಮನುಷ್ಯರ ಕೈವಾಡವಾಗಿದ್ದರೆ ಕಟ್ಟಡದ್ದೇನೂ ತಪ್ಪಿಲ್ಲ, ಎಲ್ಲರನ್ನೂ ಅಲ್ಲೇ ಸೇರಿಸುತ್ತೇವೆ. ಇದೋ ಅದೋ ಎಂದು ಗುರುವಾರ ಮಧ್ಯಾಹ್ನದೊಳಗೆ ಪೊಲೀಸರು ಬರೆದುಕೊಡಬೇಕು. ಬರೆಯುವುದೇನೋ ನೀರು ಕುಡಿದಷ್ಟು ಸುಲಭ. ತಪ್ಪು ಬರೆದರೆ ಎಂಟು ನೂರು ಜೀವ ಯಾರ ತಲೆಗೆ ಬರುತ್ತದೆ ಎನ್ನುವುದು ಇನ್‌ಸ್ಪೆಕ್ಟರಿಗೆ ಚೆನ್ನಾಗಿ ಗೊತ್ತಿತ್ತು.

ಆ ಎಂಟು ನೂರರಲ್ಲಿ ಈ ಹೆಂಗಸಿನ ಮಗಳೂ ಒಬ್ಬಳು. ಹಸಿ ಬಾಣಂತಿ, ಬಂದರಿನ ಸಾಲುಮನೆಯಲ್ಲಿ ಗಂಡನ ಜೊತೆಗಿದ್ದಾಳೆ. ಪ್ರತಿ ಸೋಮವಾರ ಮಧ್ಯಾಹ್ನ ವಾಚ್‌ಮನ್ ಸೈಕಲ್ ಏರಿ ಮಗಳನ್ನು ನೋಡಲು ಹೋಗಿ ರಾತ್ರಿ ಊಟ ಮುಗಿಸಿ ಬರುತ್ತಿದ್ದ. ನಿನ್ನೆ ಮಾತ್ರ ಗಾಳಿ ಏಳುವುದನ್ನು ಕಂಡು, ಕೂತವನು ಹಾಗೇ ಎದ್ದು ವಾಪಸು ಬಂದಿದ್ದ.

"ಮನೆಗೆ ಬಂದು ಬೀಗದ ಕೈ ಗೊಂಚಲನ್ನ ಮೊಳೆಗೆ ನೇತುಹಾಕಿದ್ರು. ಅಷ್ಟರಲ್ಲಿ ಮೇಲೆ ಬಾಗಿಲು ಗಡಗಡ ಅಂತ ಬಡ್ಕೊಳ್ಳೋದು ಕೇಳಿಸ್ತು. ಇದೇನು ಬಾಗಿಲು ತೆಗೆದಿದೆಯಲ್ಲ ಅಂತ ಹಾಗೇ ಓಡಿದ್ರು," ಎಂದು ಆಕೆ ಹೇಳಿದಳು. ಇನ್‌ಸ್ಪೆಕ್ಟರ್ ಹೊರಗೆ ಬಂದು ಎಫ್‌ಐಆರ್ ಬರೆಯಿರಿ ಎಂದರು. ಆರೋಪಿ ಯಾರೆಂದು ಬರೆಯಲಿ ಎಂದು ಕಾನ್‌ಸ್ಟೆಬಲ್ ಕೇಳಿದಾಗ, ಸದ್ಯಕ್ಕೆ ಅಪರಿಚಿತ ಎಂದು ಬರೆ, ಗಾಳಿ ಅಂತ ಮಾತ್ರ ಬರೀಬೇಡ ಎಂದರು.

ಹತ್ತು ಗಂಟೆಗೆ ದಫೇದಾರನನ್ನೂ ಇಬ್ಬರು ಪಂಚರನ್ನೂ ಕರೆದುಕೊಂಡು ಗುಡ್ಡ ಹತ್ತಿದರು. ದಫೇದಾರ ನಿವೃತ್ತಿಯ ಅಂಚಿನಲ್ಲಿದ್ದ ಸಣಕಲ ಆಸಾಮಿ. ಮೊಣಕಾಲು ನೋವೆಂದು ಗೊಣಗುತ್ತಲೇ ಎಲ್ಲರಿಗಿಂತ ಮೊದಲು ಮೇಲೆ ನಿಂತಿರುತ್ತಿದ್ದ.

ಭವನದ ನಾಲ್ಕು ಗೋಡೆಯೂ ಗಟ್ಟಿಯಾಗಿ ನಿಂತಿದ್ದವು. ಒಂದು ಕಿಟಕಿಯ ಗಾಜೂ ಬಿರುಕು ಬಿಟ್ಟಿರಲಿಲ್ಲ. ಛಾವಣಿ ಮಾತ್ರ ಇರಲಿಲ್ಲ. ಅದು ಹಿಂದಿನ ಬಯಲಿನಲ್ಲಿ, ಕಲ್ಲು ಎಸೆದರೆ ತಲುಪದಷ್ಟು ದೂರದಲ್ಲಿ ಅಂಗಾತ ಬಿದ್ದಿತ್ತು. ಗಾಳಿ ಒತ್ತಿದ್ದರೆ ಛಾವಣಿ ಒಳಕ್ಕೆ ಕುಸಿಯಬೇಕಿತ್ತಲ್ಲ ಸಾರ್, ಇದು ಯಾರೋ ಡಬ್ಬಿ ಮುಚ್ಚಳ ತೆಗೆದ ಹಾಗೆ ಎದ್ದು ಹೋಗಿದೆ ಎಂದು ದಫೇದಾರ ತಲೆ ಕೆರೆದುಕೊಂಡ. ಇನ್‌ಸ್ಪೆಕ್ಟರಿಗೂ ಅದು ಬಗೆಹರಿಯಲಿಲ್ಲ. ಪಂಚನಾಮೆಯಲ್ಲಿ ಕಂಡದ್ದು ಕಂಡ ಹಾಗೆ ಬರೆಸಿದರು.

ಬಾಗಿಲು ಸಮುದ್ರದ ಕಡೆಗಿತ್ತು. ಲಾರಿ ಹೋಗುವಷ್ಟು ಅಗಲದ, ಹಳಿಯ ಮೇಲೆ ಸರಿಯುವ ಕಬ್ಬಿಣದ ಬಾಗಿಲು. ಪೂರ್ತಿ ಹಾಕಿದಾಗ ಬಾಗಿಲಿನ ಕಬ್ಬಿಣದ ಪಟ್ಟಿ ಚೌಕಟ್ಟಿನ ಬಳೆಯ ಮೇಲೆ ಕೂರುತ್ತದೆ, ಆ ಬಳೆಗೆ ಬೀಗ ಬೀಳುತ್ತದೆ. ಗಾಳಿಯೇ ಒಡೆದು ತೆಗೆದಿದ್ದರೆ ಪಟ್ಟಿ ಸೊಟ್ಟಗಾಗಬೇಕು, ಬಳೆ ಕಿತ್ತು ಬರಬೇಕು. ಎರಡೂ ಹೊಸದರ ಹಾಗೆ ನೆಟ್ಟಗಿದ್ದವು. ಬೀಗವೂ ಅಲ್ಲೇ ಇತ್ತು.

"ಸಾರ್, ಇಲ್ಲಿ ಸ್ವಲ್ಪ ನೋಡಿ," ಎಂದ ದಫೇದಾರ. "ಬಾಗಿಲು ತೆಗೆದಿದೆ. ಬೀಗ ಮಾತ್ರ ಬರೀ ಬಳೆಗೆ ಹಾಕಿದೆ. ಜಗ್ಗಿದ್ರೆ ಬರಲ್ಲ."

ಇನ್‌ಸ್ಪೆಕ್ಟರ್ ಬಗ್ಗಿ ನೋಡಿದರು. ಬಾಗಿಲು ತೆಗೆದವರು ಬೀಗವನ್ನು ಬಾಯಿ ತೆರೆದೇ ನೇತುಹಾಕುತ್ತಾರೆ, ಇಲ್ಲವೆ ಜೇಬಿಗೆ ಹಾಕಿಕೊಳ್ಳುತ್ತಾರೆ. ಇಲ್ಲಿ ಯಾರೋ ಅದನ್ನು ಖಾಲಿ ಬಳೆಗೆ ತೂಗುಹಾಕಿ, ಒತ್ತಿ ಮುಚ್ಚಿ, ಬೀಗದ ಕೈ ಜೊತೆಗೆ ಒಯ್ದಿದ್ದರು. ಕಳ್ಳ ಇಷ್ಟು ಅಚ್ಚುಕಟ್ಟಾಗಿರುವುದಿಲ್ಲ. ಅವಸರದವನಂತೂ ಅಲ್ಲವೇ ಅಲ್ಲ.

ಅವರು ಬಾಗಿಲನ್ನು ದಫೇದಾರನ ಜೊತೆ ಸೇರಿ ಎಳೆದು ನೋಡಿದರು. ಬಳೆಯಲ್ಲಿ ಬೀಗವಿದ್ದದ್ದರಿಂದ ಪಟ್ಟಿ ಕೂರಲಿಲ್ಲ. ಕೈ ಬಿಟ್ಟ ಕೂಡಲೇ ಬಾಗಿಲು ಹಿಂದಕ್ಕೆ ಸರಿಯಿತು. ವಾಚ್‌ಮನ್‌ನ ಹೆಣ ಸಿಕ್ಕಿದ್ದು ಇದೇ ಜಾಗದಲ್ಲಿ. ಅಂಗೈ ಎರಡೂ ಸುಲಿದಿದ್ದವು. ಬಾಗಿಲು ಹಾಕಲು ಓಡಿಬಂದವನಿಗೆ ಬೀಗ ಬಾಯಿ ತೆರೆದಿದ್ದರೆ ಪಟ್ಟಿ ಕೂರಿಸಿ ಒತ್ತುವುದು ಒಂದು ಗಳಿಗೆಯ ಕೆಲಸ. ಮುಚ್ಚಿದ ಬೀಗಕ್ಕೆ ಬೀಗದ ಕೈ ಬೇಕು. ಅದು ಮನೆಯ ಮೊಳೆಯಲ್ಲಿತ್ತು. ತರಲು ಹೋದರೆ ಬಾಗಿಲು ಬಿಡಬೇಕು. ಅವನು ಬಿಟ್ಟಿರಲಿಲ್ಲ.

ಬೀಗದ ಕೈ ಯಾರ ಯಾರ ಹತ್ತಿರ ಇತ್ತು ಎಂದು ವಿಚಾರಿಸುವುದರಲ್ಲಿ ಆ ದಿನ ಮುಗಿಯಿತು. ಒಂದು ವಾಚ್‌ಮನ್‌ನದು, ಒಂದು ಇಲಾಖೆಯ ಬೀರುವಿನಲ್ಲಿ. ಇನ್ನೊಂದು ಬಣ್ಣದ ಗುತ್ತಿಗೆದಾರನ ಮೇಸ್ತ್ರಿಯ ಕೈಯಲ್ಲಿ. ಪಕ್ಕದ ಕಂಬಕ್ಕೆ ಗಾಳಿಯ ವೇಗ ಅಳೆಯುವ ಯಂತ್ರ ಕೂರಿಸಲು ಬಂದಿದ್ದ ಗಾಳಿ ಪ್ರಯೋಗಾಲಯದವರಿಗೂ ಒಂದು ಕೊಟ್ಟಿದ್ದರಂತೆ. ಅದು ವಾಪಸು ಬಂದಿದೆ ಎಂದು ಇಲಾಖೆಯ ಗುಮಾಸ್ತ ಖಂಡಿತವಾಗಿ ಹೇಳಿದ. ಯಾರ ಕೈಗೆ ಬಂತು ಎಂದು ಕೇಳಿದರೆ ಗೋಡೆ ನೋಡಿದ.

ಮೇಸ್ತ್ರಿಯ ಮೇಲೆ ಎಲ್ಲರಿಗೂ ಗುಮಾನಿ. ಬಣ್ಣದ ಡಬ್ಬಿ ಕಾಣೆಯಾದ ವಿಷಯಕ್ಕೆ ವಾಚ್‌ಮನ್ ಜೊತೆ ಕಾಲು ಕೆರೆದು ಜಗಳವಾಡಿದ್ದ. ಬುಧವಾರ ಬೆಳಗ್ಗೆ ಠಾಣೆಗೆ ಕರೆಸಿದರು.

"ಸೋಮವಾರ ಮಧ್ಯಾಹ್ನ ಎಲ್ಲಿದ್ದೆ?"

"ಆಸ್ಪತ್ರೆಯಲ್ಲಿ ಸರ್. ಅತ್ತೆಗೆ ಕಣ್ಣಿನ ಆಪರೇಷನ್."

"ಬಾಗಿಲು ತೆಗೆದ ಮೇಲೆ ಬೀಗ ಏನು ಮಾಡ್ತೀಯ?"

ಮೇಸ್ತ್ರಿ ಇದೆಂಥ ಪ್ರಶ್ನೆ ಎನ್ನುವ ಹಾಗೆ ನೋಡಿದ. ಬಣ್ಣದ ಡಬ್ಬಿಯ ಮೇಲಿಡುತ್ತೇನೆ ಸರ್, ಮತ್ತೆ ಎಲ್ಲಿಟ್ಟೆ ಅಂತ ಹುಡುಕುತ್ತೇನೆ ಎಂದ. ಮಹಿಳಾ ಕಾನ್‌ಸ್ಟೆಬಲ್‌ಗೆ ನಗು ತಡೆಯಲಾಗಲಿಲ್ಲ. ಆಸ್ಪತ್ರೆಗೆ ಫೋನ್ ಹಚ್ಚಿ ಕೇಳಿದರೆ ಅತ್ತೆಯೂ ನಿಜ, ಕಣ್ಣೂ ನಿಜ. ಮೇಸ್ತ್ರಿಯನ್ನು ಮನೆಗೆ ಕಳಿಸಿದರು.

ಮಧ್ಯಾಹ್ನ ಇನ್‌ಸ್ಪೆಕ್ಟರ್ ಗಾಳಿ ಪ್ರಯೋಗಾಲಯಕ್ಕೆ ಹೋದರು. ಬೀಗದ ಕೈಯ ವಿಚಾರ ನೆಪಕ್ಕೆ. ಸೋಮವಾರದ ಗಾಳಿಗೆ ಆ ಛಾವಣಿ ಹೋಗುವುದು ಸಾಧ್ಯವೇ ಎಂದು ತಿಳಿದವರಿಂದ ಕೇಳಬೇಕಿತ್ತು. ಭವನ ಕಟ್ಟುವ ಮೊದಲು ಅದರ ಮಾದರಿಯನ್ನು ಗಾಳಿಗೊಡ್ಡಿ ಪರೀಕ್ಷಿಸಿದ್ದು ಅಲ್ಲಿಯ ಇಂಜಿನಿಯರ್. ನಲವತ್ತೈದರ ಹೆಂಗಸು. ಅಲ್ಲಿ ಎಲ್ಲರೂ ಆಕೆಯನ್ನು ಕರೆಯುತ್ತಿದ್ದದ್ದು ಗಾಳಿಯಕ್ಕ ಎಂದು.

ಉದ್ದನೆಯ ಕೋಣೆ. ಅದರ ತುಂಬ ಮರದ ಹಲಗೆಯ ಒಂದು ಸುರಂಗ, ಮನುಷ್ಯ ನೆಟ್ಟಗೆ ನಿಂತು ನಡೆಯುವಷ್ಟು ಎತ್ತರ. ಒಂದು ತುದಿಗೆ ಆಳೆತ್ತರದ ಫ್ಯಾನು. ಒಳಗೆ ನೆಲದ ಮೇಲೆ ಸಾಲಾಗಿ ಮರದ ತುಂಡುಗಳು; ಮನೆ ಮರಗಳ ಮೇಲೆ ಹಾದು ಬರುವ ಗಾಳಿ ಹೇಗೆ ಮುಗ್ಗರಿಸುತ್ತದೋ ಹಾಗೆ ಮುಗ್ಗರಿಸಲಿ ಎಂದು. ಅವುಗಳ ಮುಂದೆ ಚಪ್ಪಲಿ ಡಬ್ಬಿಯಷ್ಟು ದೊಡ್ಡ ಭವನ, ಅದರ ಛಾವಣಿಯಲ್ಲಿ ಸೂಜಿ ಮೊನೆಯಷ್ಟು ತೂತುಗಳು. ಗಾಳಿ ಎಲ್ಲಿ ಒತ್ತುತ್ತದೆ, ಎಲ್ಲಿ ಎಳೆಯುತ್ತದೆ ಎಂದು ಆ ತೂತುಗಳಿಂದ ಗೊತ್ತಾಗುತ್ತದಂತೆ.

"ಛಾವಣಿಯನ್ನ ಗಾಳಿ ಒತ್ತೋದಿಲ್ಲ ಸರ್, ಮೇಲಕ್ಕೆ ಎಳೆಯುತ್ತೆ," ಎಂದಳು ಗಾಳಿಯಕ್ಕ. "ಬಾಗಿಲು ಹಾಕಿದ್ರೆ ಆ ಎಳೆತ ಒಂದೇ. ಗಾಳಿ ಬರೋ ಕಡೆಯ ಬಾಗಿಲು ತೆರೆದಿದ್ರೆ ಒಳಗೂ ತುಂಬ್ಕೊಂಡು ಕೆಳಗಿಂದ ನೂಕುತ್ತೆ. ಹಗ್ಗದ ಮೇಲೆ ಒಣಗಿಸಿದ ದಿಂಬಿನ ಕವರ್ ನೋಡಿದೀರಲ್ಲ, ಬಾಯಿ ಗಾಳಿ ಕಡೆಗಿದ್ರೆ ಹೇಗೆ ಉಬ್ಬುತ್ತೆ? ಎಳೆತ ಎರಡೂವರೆ ಪಟ್ಟು ಮೀರುತ್ತೆ. ಸೋಮವಾರ ನಮ್ಮ ಯಂತ್ರ ತೋರಿಸಿದ ವೇಗ ಗಂಟೆಗೆ ನೂರ ಹದಿನೈದು ಕಿಲೋಮೀಟರ್. ಬಾಗಿಲು ಹಾಕಿದ್ರೆ ಅದಕ್ಕೆ ಏನೂ ಆಗ್ತಿರಲಿಲ್ಲ. ನಾಳೆ ನೂರ ನಲವತ್ತು ಬರುತ್ತೆ. ಜನರನ್ನ ಅಲ್ಲಿ ಸೇರಿಸಬೇಡಿ."

ಮೊದಲ ಪರೀಕ್ಷೆಯಲ್ಲಿ ಇದು ಗೊತ್ತಾಗಲಿಲ್ಲವೇ ಎಂದು ಇನ್‌ಸ್ಪೆಕ್ಟರ್ ಕೇಳಿದರು. ಆಕೆ ತಲೆ ತಗ್ಗಿಸಲಿಲ್ಲ. ಮೊದಲ ಮಾದರಿ ಸುತ್ತಲೂ ಮುಚ್ಚಿದ ಪೆಟ್ಟಿಗೆ. ಚಂಡಮಾರುತದ ಹೊತ್ತಿಗೆ ಬಾಗಿಲು ಹಾಕಿರುತ್ತದೆ ಎಂದು ಇಲಾಖೆಯ ಷರತ್ತಿನಲ್ಲಿತ್ತು; ನಾನೂ ತಲೆಯಾಡಿಸಿ ಬಾಗಿಲಿಗೆ ಅಂಟು ಬಳಿದು ಮುಚ್ಚಿದ್ದೆ. ನೂರ ಅರವತ್ತರ ಗಾಳಿಗೂ ಜಗ್ಗುವುದಿಲ್ಲ ಎಂದು ಸಹಿ ಹಾಕಿದ್ದೆ. ಭವನದ ಉದ್ಘಾಟನೆಗೆ ಕರೆದಿದ್ದರು. ಸಭೆ ಶುರುವಾದ ಮೇಲೂ ಜನ ಬರುತ್ತಲೇ ಇದ್ದರು, ಆ ಬಾಗಿಲು ಕೊನೆಯವರೆಗೂ ಮುಚ್ಚಲಿಲ್ಲ. ಅದನ್ನು ನೋಡುತ್ತಾ ಕೂತಾಗ ನನ್ನ ಮುಚ್ಚಿದ ಪೆಟ್ಟಿಗೆ ನೆನಪಾಯಿತು. ವಾಪಸು ಬಂದು ಬಾಗಿಲು ತೆರೆದ ಮಾದರಿ ಮಾಡಿ ಪರೀಕ್ಷಿಸಿದೆ. ಆವತ್ತಿನಿಂದ ಇಲಾಖೆಯ ಬಾಗಿಲು ಸವೆಸುತ್ತಿದ್ದೇನೆ. ಜಗ್ಗುವುದಿಲ್ಲ ಅಂತ ಸಹಿ ಹಾಕಿದವರು ನೀವೇ ತಾನೇ ಎಂದು ಮುಖ್ಯ ಇಂಜಿನಿಯರ್ ನಗುತ್ತಾರೆ.

ಆಕೆಯ ಮಾತಿನಲ್ಲಿ ಸುಳ್ಳು ಕಾಣಲಿಲ್ಲ. ಇನ್‌ಸ್ಪೆಕ್ಟರಿಗೆ ಗೌರವವೇ ಹುಟ್ಟಿತು. ಆ ಮಾದರಿಯನ್ನು ಹತ್ತಿರದಿಂದ ನೋಡಬಹುದೇ ಎಂದರು. ತರುತ್ತೇನೆ ಎಂದು ಗಾಳಿಯಕ್ಕ ಸುರಂಗದ ಪಕ್ಕದ ಬಾಗಿಲಿಗೆ ಹೋದಳು. ಬೀಗ ತೆಗೆದಳು. ಬಾಗಿಲು ತೆರೆದು, ಬೀಗವನ್ನು ಮತ್ತೆ ಖಾಲಿ ಬಳೆಗೆ ತೂಗುಹಾಕಿ, ಟಕ್ಕನೆ ಒತ್ತಿ ಮುಚ್ಚಿ, ಬೀಗದ ಕೈ ಜೇಬಿಗಿಳಿಸಿ ಒಳಗೆ ಹೋದಳು.

ಇನ್‌ಸ್ಪೆಕ್ಟರ್ ಹತ್ತಿರ ಹೋಗಿ ಬೀಗವನ್ನು ಜಗ್ಗಿ ನೋಡಿದರು.

ಪಕ್ಕದಲ್ಲಿ ಮಾದರಿ ಮಾಡುವ ಬಡಗಿ ಮರಳುಕಾಗದ ತಿಕ್ಕುತ್ತಿದ್ದ. ಅದೇಕೆ ಹಾಗೆ ಮಾಡುತ್ತಾರೆ ಎಂದು ಆದಷ್ಟು ಸಹಜವಾಗಿ ಕೇಳಿದರು. ಹಿಂದೊಮ್ಮೆ ಒಬ್ಬ ಒಳಗಿದ್ದಾಗಲೇ ಯಾರೋ ನೋಡದೆ ಬಾಗಿಲು ಹಾಕಿ ಫ್ಯಾನು ಚಾಲೂ ಮಾಡಿದ್ದರಂತೆ, ಪಕ್ಕೆಲುಬು ಮುರಿದಿತ್ತಂತೆ. ಅಂದಿನಿಂದ ಅಕ್ಕನ ಕಾನೂನು: ಒಳಗೆ ಹೋಗುವವರು ಬೀಗವನ್ನು ಬಳೆಗೆ ಹಾಕಿ ಮುಚ್ಚಿ ಬೀಗದ ಕೈ ತಮ್ಮ ಹತ್ತಿರ ಇಟ್ಟುಕೊಳ್ಳಬೇಕು. ಆಗ ಹೊರಗಿನವರು ಏನು ಮಾಡಿದರೂ ಬಾಗಿಲು ಹಾಕಲಾಗುವುದಿಲ್ಲ.

"ಅಕ್ಕನ ಕೈಗೇ ಅಭ್ಯಾಸ ಆಗಿಬಿಟ್ಟಿದೆ ಸರ್," ಎಂದು ಬಡಗಿ ನಕ್ಕ. "ಮನೆ ಗೇಟಿಗೂ ಹಾಗೇ ಮಾಡ್ತಾರೆ. ಎದುರುಮನೆಯವರು ತಮಾಷೆ ಮಾಡ್ತಾರೆ."

ಇನ್‌ಸ್ಪೆಕ್ಟರ್ ಮಾದರಿ ನೋಡಿದ ಹಾಗೆ ಮಾಡಿ ಹೊರಗೆ ಬಂದು ಜೀಪಿನಲ್ಲಿ ಕೂತರು. ಎಷ್ಟು ಹೊತ್ತಾದರೂ ಹೊರಡಿ ಎನ್ನಲಿಲ್ಲ. ಕಡೆಗೆ ದಫೇದಾರನಿಗೆ ಕಂಡದ್ದನ್ನು ಹೇಳಿದರು.

ದಫೇದಾರ ಸಿಳ್ಳೆ ಹಾಕುವವನ ಹಾಗೆ ತುಟಿ ಚೂಪು ಮಾಡಿದ. ಮತ್ತೆ ಇಲ್ಲೇಕೆ ಕೂತಿದ್ದೀರಿ ಸಾರ್, ನಡೀರಿ ಎಂದ.

"ಹಿಡಿದ್ರೆ ಏನಾಗುತ್ತೆ ಯೋಚನೆ ಮಾಡು. ಮನುಷ್ಯರ ಕೈವಾಡ ಅಂತ ನಾನು ಬರೀಬೇಕು. ಬರೆದ ಗಳಿಗೆಗೆ ಇಲಾಖೆಯವರು ಬಂದರಿನ ಭವನ ತೆಗೀತಾರೆ. ಎಂಟು ನೂರು ಜನ ಒಳಗೆ."

"ಹಿಡೀದಿದ್ರೆ?"

"ಗಾಳಿ ಅಂತ ಸುಳ್ಳು ಬರೀಬೇಕು. ವಾಚ್‌ಮನ್ ಬಾಗಿಲು ಹಾಕದೆ ಹೋದ ಅನ್ನೋ ಮಾತು ಅವನ ಹೆಂಡತಿ ತಲೆ ಮೇಲೆ ಕಡೆಯವರೆಗೂ ಉಳಿಯುತ್ತೆ."

ಮೂವತ್ತು ವರ್ಷದ ನೌಕರಿಯಲ್ಲಿ ಸತ್ಯ ಬರೆಯಲು ಹೆದರಿದ್ದು ಇದೇ ಮೊದಲು ಎಂದು ಇನ್‌ಸ್ಪೆಕ್ಟರಿಗೆ ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೆ ತಮ್ಮ ಮೇಲೆಯೇ ಪಿತ್ತ ನೆತ್ತಿಗೇರಿತು.

ಗುರುವಾರ ಬೆಳಗ್ಗೆ ಆಕಾಶ ಹಿತ್ತಾಳೆ ಬಣ್ಣಕ್ಕೆ ತಿರುಗಿತ್ತು. ಎಂಟು ಗಂಟೆಗೆ ಪಂಚರೊಂದಿಗೆ ಪ್ರಯೋಗಾಲಯಕ್ಕೆ ಹೋಗಿ ಶೋಧನಾ ಆದೇಶ ತೋರಿಸಿದರು. ಗಾಳಿಯಕ್ಕ ತಕರಾರು ಮಾಡದೆ ಕೈಚೀಲ ಮೇಜಿನ ಮೇಲೆ ಸುರಿದಳು. ಬೀಗದ ಕೈ ಗೊಂಚಲಿನಲ್ಲಿ ಮೂರನೆಯದು, ಗುಡ್ಡದಿಂದ ಜಪ್ತಿ ಮಾಡಿ ತಂದಿದ್ದ ಬೀಗಕ್ಕೆ ಬೆಣ್ಣೆಗೆ ಚಾಕು ಹಾಕಿದ ಹಾಗೆ ಇಳಿಯಿತು. ಬೀಗ ಬಾಯಿ ತೆರೆಯಿತು. ಪಂಚರು ಸಹಿ ಹಾಕಿದರು.

"ಖಾಲಿ ಭವನ ಅಂದ್ಕೊಂಡಿದ್ದೆ," ಎಂದಳು ಆಕೆ.

ಆಮೇಲೆ ತಾನಾಗಿಯೇ ಎಲ್ಲ ಹೇಳಿದಳು. ಸೋಮವಾರ ಸಂಜೆ ಸಣ್ಣದೊಂದು ಬಿರುಗಾಳಿ, ಗುರುವಾರ ದೊಡ್ಡದು ಎಂದು ವಾರದ ಹಿಂದೆಯೇ ಗೊತ್ತಾಗಿತ್ತು. ಯಾರೂ ಇಲ್ಲದಾಗ ಒಂದು ಛಾವಣಿ ಹಾರಿದರೆ, ಇನ್ನೊಂದರೊಳಗೆ ಜನರನ್ನು ಸೇರಿಸಲು ಇಲಾಖೆಯವರ ಗುಂಡಿಗೆ ನಡುಗುತ್ತದೆ ಎಂದುಕೊಂಡಳು. ವಾಚ್‌ಮನ್ ಸೈಕಲ್ ಏರಿ ಹೋಗುವುದನ್ನು ಕೆಳಗಿನ ತಿರುವಿನಲ್ಲಿ ನಿಂತು ನೋಡಿದಳು. ಮೇಲೆ ಹತ್ತಿ ಭವನದ ಮೂಲೆ ಮೂಲೆ ಎರಡು ಸಲ ಸುತ್ತಿ ಯಾರೂ ಇಲ್ಲವೆಂದು ಖಚಿತ ಮಾಡಿಕೊಂಡಳು. ಬಾಗಿಲು ತೆರೆದು ಇಳಿದುಬಂದಳು. ಬೀಗ ಹೇಗೆ ಹಾಕಿದೆನೆಂದು ಆಕೆಗೆ ನೆನಪೇ ಇಲ್ಲ. ಸಂಜೆ ರಸ್ತೆಯಿಂದ ಛಾವಣಿ ಏಳುವುದನ್ನು ಕಂಡಾಗ, ದೇವರೇ, ಲ್ಯಾಬಿನ ಲೆಕ್ಕ ಸರಿ ಎಂದು ಸಮಾಧಾನವಾಗಿತ್ತು. ಸಾವಿನ ಸುದ್ದಿ ಆಮೇಲೆ ಬಂತು.

"ನನ್ನನ್ನ ಹಿಡ್ಕೊಂಡು ಹೋಗಿ, ಓಡಿಹೋಗಲ್ಲ," ಎಂದಳು. "ಆದ್ರೆ ನಾಳೆ ಹಿಡೀರಿ ಸರ್. ಇವತ್ತು ಒಂದು ದಿನ ಗಾಳಿಯೇ ಮಾಡಿದ್ದು ಅಂತ ಬರೀರಿ. ಕೈ ಮುಗೀತೀನಿ."

"ಸುಳ್ಳು ಬರೆಯಲ್ಲ," ಎಂದರು ಇನ್‌ಸ್ಪೆಕ್ಟರ್. "ನೀವು ಹೇಳಿದ್ದನ್ನೇ ಬರೀತೀನಿ. ಪೂರ್ತಿ."

ಎರಡು ಪುಟದ ಹೇಳಿಕೆ ಬರೆಸಿಕೊಂಡರು. ಪೊಲೀಸರ ಮುಂದೆ ಕೊಟ್ಟ ತಪ್ಪೊಪ್ಪಿಗೆ ಕೋರ್ಟಿನಲ್ಲಿ ನಿಲ್ಲುವುದಿಲ್ಲ ಎಂದು ಅವರಿಗೆ ಗೊತ್ತಿತ್ತು. ಅದು ಬೇಕಾಗಿದ್ದು ಕೋರ್ಟಿಗಲ್ಲ. ಆಕೆಯನ್ನು ಮಹಿಳಾ ಕಾನ್‌ಸ್ಟೆಬಲ್ ಜೊತೆ ಠಾಣೆಗೆ ಕಳಿಸಿ, ತಾವು ಬಂದರಿಗೆ ಹೊರಟರು.

ಬಂದರಿನ ಭವನದ ಅಂಗಳದಲ್ಲಿ ಜನ ಗಂಟುಮೂಟೆ ಕಟ್ಟಿಕೊಂಡು ಕೂತಿದ್ದರು. ಗಾಳಿಗೆ ಸೆರಗು ನಿಲ್ಲುತ್ತಿರಲಿಲ್ಲ, ಮಾತು ಕೇಳುತ್ತಿರಲಿಲ್ಲ. ಕಾಮಗಾರಿ ಇಲಾಖೆಯ ಮುಖ್ಯ ಇಂಜಿನಿಯರ್ ಬೀಗದ ಕೈ ಬೆರಳಿನಲ್ಲಿ ತಿರುಗಿಸುತ್ತಾ ನಿಂತಿದ್ದರು. ಗೋಡೆಯ ಮರೆಯಲ್ಲಿ ವಾಚ್‌ಮನ್‌ನ ಹೆಂಡತಿ ಮೊಮ್ಮಗುವನ್ನು ಎದೆಗವಚಿಕೊಂಡು ಕೂತಿದ್ದಳು, ಪಕ್ಕದಲ್ಲಿ ಬಾಣಂತಿ ಮಗಳು. ಅಳಿಯ ದೋಣಿ ಕಟ್ಟಿಬರಲು ಹೋದವನು ಇನ್ನೂ ಬಂದಿರಲಿಲ್ಲ.

ಇನ್‌ಸ್ಪೆಕ್ಟರ್ ವರದಿ ಕೊಟ್ಟರು. ಮುಖ್ಯ ಇಂಜಿನಿಯರ್ ಮೊದಲ ಸಾಲು ಓದಿ ಹಿಗ್ಗಿದರು. ಕೈವಾಡ ಅಂತಲೇ ಇದೆಯಲ್ಲ, ನಾನು ಮೊದಲಿಂದ ಹೇಳುತ್ತಿಲ್ಲವೇ, ಕಟ್ಟಡ ಕಲ್ಲುಗುಂಡು, ಬಾಗಿಲು ಹಾಕಿದ್ದರೆ ಆಯಿತು ಎಂದರು. ಬೀಗ ತೆಗೆಯಲು ಹೊರಟರು.

ಇನ್‌ಸ್ಪೆಕ್ಟರ್ ತಡೆದು, ಹೇಳಿಕೆಯ ಪ್ರತಿಯನ್ನೂ ಒಂದು ಖಾಲಿ ಹಾಳೆಯನ್ನೂ ಮುಂದೆ ಹಿಡಿದರು.

"ಇದು ನಿಮಗೆ ತಲುಪಿದೆ ಅಂತ ಸಹಿ ಹಾಕಿ. ಬಾಗಿಲು ತೆರೆದ್ರೆ ಛಾವಣಿ ಹೋಗುತ್ತೆ ಅಂತ ಇದರಲ್ಲಿದೆ. ಈ ಹಾಳೆ ಮೇಲೆ, ಬಾಗಿಲು ತೆರೆದರೂ ಛಾವಣಿ ನಿಲ್ಲುತ್ತೆ ಅಂತ ನಿಮ್ಮ ಕೈಯಿಂದ ಒಂದೇ ಸಾಲು ಬರೆದುಕೊಡಿ."

"ಅದ್ಯಾಕೆ ಬರೀಬೇಕು? ಬಾಗಿಲು ತೆಗೀಬಾರದು ಅಂತ ನಿಯಮ ಇದೆ."

ಇನ್‌ಸ್ಪೆಕ್ಟರ್ ವಾಚ್‌ಮನ್‌ನ ಹೆಂಡತಿಯ ಕಡೆ ತಿರುಗಿದರು. "ನೀವು ಒಳಗಿದೀರಮ್ಮ. ಚಂಡಮಾರುತ ಹೊಡೀತಿದೆ. ಬಾಗಿಲು ತೆಗೀಬೇಡಿ ಅಂತ ಸಾಹೇಬ್ರು ಹೇಳಿದಾರೆ. ನಿಮ್ಮ ಅಳಿಯ ಬಂದು ತಟ್ತಾನೆ. ಏನು ಮಾಡ್ತೀರಿ?"

ಆಕೆಗೆ ಇದರಲ್ಲಿ ಯೋಚಿಸುವುದೇನಿದೆ ಎಂದು ತಿಳಿಯಲಿಲ್ಲ. "ತೆಗೆಯದೆ ಇರೋಕಾಗುತ್ತಾ?" ಎಂದಳು.

ಸುತ್ತ ಕೂತವರು ಹೌದೆಂದರು. ಮುಖ್ಯ ಇಂಜಿನಿಯರ್ ಆಕೆಯನ್ನು ನೋಡಿದರು, ಹಾಳೆಯನ್ನು ನೋಡಿದರು. ಇನ್‌ಸ್ಪೆಕ್ಟರ್ ಪೆನ್ನಿನ ಮುಚ್ಚಳ ತೆಗೆದು ಕೊಟ್ಟರು. ಇವತ್ತು ರಾತ್ರಿ ಇಲ್ಲಿ ಒಂದು ಜೀವ ಹೋದರೂ, ಗೊತ್ತಿದ್ದೂ ಬಾಗಿಲು ತೆಗೆದುಕೊಟ್ಟವರು ಎಂದು ಈ ಎಫ್‌ಐಆರ್‌ನಲ್ಲಿ ಎರಡನೇ ಹೆಸರು ನಿಮ್ಮದು ಎಂದು ತಣ್ಣಗೆ ಹೇಳಿದರು. ಸಾಹೇಬರ ಮುಖ ಸುಣ್ಣ ಬಳಿದ ಹಾಗಾಯಿತು. ಪೆನ್ನು ತೆಗೆದುಕೊಳ್ಳಲಿಲ್ಲ. ಜಿಲ್ಲಾಧಿಕಾರಿಗೆ ಫೋನ್ ಹಚ್ಚಿ, ಸುರಕ್ಷತೆಯ ದೃಷ್ಟಿಯಿಂದ ಕಾಲೇಜಿನ ಕಾಂಕ್ರೀಟ್ ಕಟ್ಟಡವೇ ವಾಸಿ ಎಂದು ತಾವೇ ಕಂಡುಹಿಡಿದವರ ಹಾಗೆ ಹೇಳಿದರು.

ಕಾಲೇಜಿನಲ್ಲಿ ಜಾಗ ಸಾಲದು. ಓಣಿ, ಮೆಟ್ಟಿಲು, ಮೇಜಿನ ಅಡಿ ಎಲ್ಲ ಕಡೆ ಜನ ಒತ್ತಿಕೊಂಡು ಕೂತರು. ಒಳ್ಳೆ ಭವನ ಬಿಟ್ಟು ಇಲ್ಲಿ ಕುರಿ ತುಂಬಿದ ಹಾಗೆ ತುಂಬಿದ್ದಾರೆ ಎಂದು ಪೊಲೀಸರಿಗೆ ಹಿಡಿಶಾಪ ಹಾಕಿದರು. ಚಂಡಮಾರುತ ಹೇಳಿದ ಹೊತ್ತಿಗೇ ಬಂತು. ದಫೇದಾರನನ್ನು ಬಾಗಿಲಿಗೆ ನಿಲ್ಲಿಸಿದ್ದರು.

ಶುಕ್ರವಾರ ಬೆಳಗ್ಗೆ ಬಂದರಿನ ಭವನ, ಬೀಗ ಹಾಕಿದ ಬಾಗಿಲಿನೊಂದಿಗೆ, ಕೂದಲೂ ಕೊಂಕದೆ ನಿಂತಿತ್ತು. ನೋಡಿದಿರಾ, ಸುಮ್ಮನೆ ಜನರನ್ನು ಗೋಳಾಡಿಸಿದಿರಿ ಎಂದು ಮುಖ್ಯ ಇಂಜಿನಿಯರ್ ಫೋನ್ ಮಾಡಿದರು. ಇನ್‌ಸ್ಪೆಕ್ಟರ್ ಫೋನ್ ಇಟ್ಟರು. ಎದುರಿಗೆ ದಫೇದಾರ ರಟ್ಟೆ ನೀವಿಕೊಳ್ಳುತ್ತಾ ಕೂತಿದ್ದ. ಬಿರುಗಾಳಿ ಹೊಡೆಯುತ್ತಿದ್ದಾಗಲೇ ಒಬ್ಬರ ಹಿಂದೊಬ್ಬರು ಬಂದು ಕಾಲೇಜಿನ ಬಾಗಿಲು ತಟ್ಟಿದ್ದರು. ದೋಣಿಯವರು, ಕುಂಟುವ ಮುದುಕ, ಮಗುವನ್ನು ಹೊತ್ತ ಒಬ್ಬಳು, ಕಡೆಗೆ ವಾಚ್‌ಮನ್‌ನ ಅಳಿಯ. ಎಷ್ಟು ಸಲ ತೆಗೆದು ಹಾಕಿದೆನೋ ಲೆಕ್ಕವೇ ಇಲ್ಲ ಸಾರ್ ಎಂದ.

ಹತ್ತು ಗಂಟೆಗೆ ಗಾಳಿಯಕ್ಕನನ್ನು ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕಿತ್ತು. ಆಕೆ ಬೆಂಚಿನ ಮೇಲೆ ಕೂತಿದ್ದಳು. ಭವನ ನಿಂತಿದೆ ಎಂದು ಇನ್‌ಸ್ಪೆಕ್ಟರ್ ಹೇಳಿದಾಗ, ಬಾಗಿಲು ಹಾಕಿದ್ದರೆ ನಿಲ್ಲಲೇಬೇಕು ಎಂದಳು. ಬೀಗದ ವಿಷಯವನ್ನು ಅವರು ಇನ್ನೂ ಹೇಳಿರಲಿಲ್ಲ. ಕೋರ್ಟಿನಲ್ಲಿ ಯಾರ ಬಾಯಿಂದಲೋ ಕೇಳುವುದಕ್ಕಿಂತ ತಾವೇ ಹೇಳುವುದು ಮೇಲೆಂದು ಹೇಳಿಬಿಟ್ಟರು: ಬೀಗ ಮುಚ್ಚಿತ್ತು, ಅದಕ್ಕೇ ಅವನಿಗೆ ಬಾಗಿಲು ಹಾಕಲಾಗಲಿಲ್ಲ, ಅಂಗೈ ಸುಲಿಯುವವರೆಗೂ ಹಿಡಿದುಕೊಂಡಿದ್ದ.

ಆಕೆ ತನ್ನ ಬಲಗೈಯನ್ನು ನೋಡಿಕೊಂಡಳು. ಆಮೇಲೆ ಅದನ್ನು ಸೀರೆಯ ಮಡಿಕೆಯಲ್ಲಿ ಮುಚ್ಚಿಕೊಂಡಳು.

ವಾಚ್‌ಮನ್‌ನ ಹೆಂಡತಿ ಮರಣೋತ್ತರ ವರದಿಯ ಪ್ರತಿಗೆಂದು ಬಂದದ್ದು ಆಗಲೇ. ಬೆಂಚಿನ ಮೇಲಿದ್ದವಳು ಯಾರೆಂದು ಯಾರೂ ಹೇಳಬೇಕಾಗಲಿಲ್ಲ. ಕಾನ್‌ಸ್ಟೆಬಲ್ ಅಡ್ಡ ಬರಲು ಹೋದಳು, ಇನ್‌ಸ್ಪೆಕ್ಟರ್ ಬೇಡವೆಂದರು. ಗಾಳಿಯಕ್ಕ ಎದ್ದು ನಿಂತಳು.

"ಇಲಾಖೆಗೆಲ್ಲ ಹೇಳಿದ್ರಂತೆ," ಎಂದಳು ಹೆಂಗಸು. "ದೊಡ್ಡ ಸಾಹೇಬ್ರಿಗೆ, ಎಲ್ಲರಿಗೂ."

"ಹೌದು."

"ನಮ್ಮ ಯಜಮಾನರಿಗೆ?"

ಗಾಳಿಯಕ್ಕ ಇಲ್ಲವೆಂದು ತಲೆ ಅಲ್ಲಾಡಿಸಿದಳು.

"ಬಾಗಿಲು ನೋಡ್ಕೊಳ್ತಿದ್ದೋರು ಅವರಲ್ವಾ ತಾಯಿ. ಒಂದು ಮಾತು ಹೇಳಿದ್ರೆ ದೂರ ನಿಂತಿರ್ತಿದ್ರು."

ಅಷ್ಟು ಹೇಳಿ, ಸೋಮವಾರದಿಂದ ಅಳದಿದ್ದ ಹೆಂಗಸು ಅಲ್ಲೇ ಗೋಡೆಗೊರಗಿ ಕೂತು ಅತ್ತಳು. ಅವಳನ್ನು ಸಮಾಧಾನ ಮಾಡಲು ಯಾರಿಗೂ ಧೈರ್ಯ ಬರಲಿಲ್ಲ.

ಜೀಪು ಹೋದ ಮೇಲೆ ಇನ್‌ಸ್ಪೆಕ್ಟರ್ ಕೇಸ್ ಡೈರಿ ತೆಗೆದರು. ಕೃತ್ಯದ ಉದ್ದೇಶ ಎಂಬಲ್ಲಿ ಬರೆದರು: ಆರೋಪಿಗೆ ಮೃತನ ಮೇಲೆ ದ್ವೇಷವಿರಲಿಲ್ಲ. ಎಂಟು ನೂರು ಜನರನ್ನು ಉಳಿಸುವ ಉದ್ದೇಶವಿತ್ತು. ಬಾಗಿಲು ಯಾವಾಗಲೂ ಹಾಕಿರುತ್ತದೆ ಎಂದು ಮೊದಲ ಸಲ ನಂಬಿದ್ದರು. ಅದು ತೆರೆದಿದ್ದರೆ ಹಾಕಲು ಒಬ್ಬ ಓಡಿಬರುತ್ತಾನೆ ಎಂದು ಎರಡನೆಯ ಸಲ ಅವರಿಗೆ ಹೊಳೆಯಲಿಲ್ಲ.